ಮದುವೆ ಫೋಟೋಗ್ರಾಫರ್‌ಗೆ ಗೂಗಲ್‌ನಿಂದ ಫೋನ್ ಬರಬೇಕಾದರೆ ಏನು ಬರೆಯಬೇಕು?

ಆಷಾಢ ಬಂತು ಅಂದರೆ ನಮ್ಮ ಕಸುಬಿನವರ ಕ್ಯಾಮೆರಾ ಬ್ಯಾಗಿನಲ್ಲೇ ಮಲಗುತ್ತದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಾಕಿ ಉಳಿದ ಆಲ್ಬಮ್ ಮುಗಿಸೋದು, ಲೆನ್ಸ್ ಸರ್ವಿಸ್‌ಗೆ ಕೊಡೋದು, ಹಾರ್ಡ್ ಡಿಸ್ಕ್ ಖಾಲಿ ಮಾಡೋದು, ಇಷ್ಟೇ ಕೆಲಸ. ನಾನು ಮೈಸೂರಿನಲ್ಲಿ ಮದುವೆ ಫೋಟೋ ತೆಗೆಯುತ್ತೇನೆ. ಕೆಲವು ವರ್ಷಗಳಿಂದ ಆಷಾಢಕ್ಕೆ ಇನ್ನೊಂದು ಕೆಲಸ ಸೇರಿಸಿಕೊಂಡಿದ್ದೇನೆ. ನನ್ನ ವೆಬ್‌ಸೈಟಿನ ಬ್ಲಾಗಿಗೆ ಕೂತು ಬರೆಯುತ್ತೇನೆ. ಕಾರ್ತಿಕ ಬರುವ ಹೊತ್ತಿಗೆ ಅದನ್ನು ಓದಿದವರ ಫೋನ್ ಬರಲು ಶುರುವಾಗುತ್ತದೆ.

ಹಾಗೆ ಫೋನ್ ಮಾಡುವವರ ಮಾತೇ ಬೇರೆ. ಸುಮ್ನೆ ರೇಟ್ ಕೇಳಿ ಇಟ್ಟುಬಿಡುವುದಿಲ್ಲ. "ಬೆಳಗಿನ ಮುಹೂರ್ತದ ಬಗ್ಗೆ ಬರೆದಿದ್ರಲ್ಲ, ನಮ್ಮದೂ ಹಾಗೇ ಇದೆ" ಅಂತ ಮಾತು ಶುರು ಮಾಡುತ್ತಾರೆ. ಅವರ ಅರ್ಧ ತೀರ್ಮಾನ ಆಗಲೇ ಆಗಿರುತ್ತದೆ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೆಯೇ ಮಾಡಿದೆ. ಹುಡುಗ-ಹುಡುಗಿಯ ಹೆಸರು ತಲೆಬರಹಕ್ಕೆ, ಕೆಳಗೆ ನಲವತ್ತು ಫೋಟೋ, ಒಂದೇ ಒಂದು ಸಾಲು ಮಾತಿಲ್ಲ. ನೋಡುತ್ತಿದ್ದವರು ಆ ಮನೆಯವರು ಮಾತ್ರ. ಗೂಗಲ್ ಒಂದು ಫೋಟೋವನ್ನು ಸ್ವಲ್ಪ ಮಟ್ಟಿಗೆ ಗುರುತು ಹಿಡಿಯುತ್ತದೆ, ಆದರೆ ಆ ಪುಟ ಯಾರಿಗೆ ಯಾಕೆ ಬೇಕು ಅಂತ ಅದಕ್ಕೆ ತಿಳಿಯುವುದು ಅಲ್ಲಿರುವ ಮಾತಿನಿಂದ. ನೂರಾರು ಛತ್ರಗಳಲ್ಲಿ ಬೆಳಗಿನ ಜಾವ ನಿಂತು ನಾವು ತಿಳಿದುಕೊಂಡಿದ್ದು ಎಷ್ಟೊಂದಿದೆ, ಅಲ್ವಾ? ಮದುವೆ ಮನೆಯವರಿಗೆ ಬೇಕಿರುವುದೂ ಅದೇ. ಅದನ್ನು ಬರೆಯುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಜಾಗ ನಿಮ್ಮದಾಗಿರಲಿ

ಇನ್‌ಸ್ಟಾಗ್ರಾಮ್ ಬೇಕು, ಬಿಡಬೇಡಿ. ಆದರೆ ಅಲ್ಲಿ ಹಾಕಿದ್ದು ನಾಲ್ಕು ದಿನದಲ್ಲಿ ಕೆಳಗೆ ಹೋಗುತ್ತದೆ. ವೆಬ್‌ಸೈಟಿನ ಬರಹ ಹುಡುಕುವವರಿಗೆ ಮೂರು ವರ್ಷ ಕಳೆದರೂ ಸಿಗುತ್ತದೆ.

ಸ್ವಂತ ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ, ತೆಗೆದುಕೊಳ್ಳಿ. ಡಾಟ್ ಇನ್ ಆದರೂ ಸರಿ, ಡಾಟ್ ಕಾಮ್ ಆದರೂ ಸರಿ. ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ನೋಂದಣಿ ಆಗಬೇಕು. ನನ್ನ ಮೊದಲ ಸೈಟ್ ಮಾಡಿಕೊಟ್ಟವರು ಡೊಮೈನನ್ನು ತಮ್ಮ ಹೆಸರಿನಲ್ಲೇ ತೆಗೆದಿದ್ದರು. ಆಗ ನನಗೆ ಅದು ಗೊತ್ತಾಗಲಿಲ್ಲ. ಒಂದು ವರ್ಷ ರಿನ್ಯೂ ಮಾಡುವ ಹೊತ್ತಿಗೆ ಅವರು ಫೋನ್ ಎತ್ತಲಿಲ್ಲ. ವಿಳಾಸ ಹೋಯಿತು, ವಿಸಿಟಿಂಗ್ ಕಾರ್ಡ್, ಆಲ್ಬಮ್ ಬಾಕ್ಸ್ ಎಲ್ಲದರ ಮೇಲೂ ಅದೇ ಅಚ್ಚಾಗಿತ್ತು. ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಯಿತು. ದಯವಿಟ್ಟು ಇವತ್ತೇ ಲಾಗಿನ್ ಮಾಡಿ ನಿಮ್ಮ ಡೊಮೈನ್ ಯಾರ ಹೆಸರಿನಲ್ಲಿದೆ ನೋಡಿ.

ಸೈಟ್ ಕಟ್ಟಲು ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್ ಸಾಕು. ಹಗುರವಾದ ಒಂದು ಥೀಮ್ (ಸೈಟಿನ ವಿನ್ಯಾಸ) ಹಾಕಿ. ತೆರೆದ ತಕ್ಷಣ ಹಾಡು ಬರುವುದು, ಫೋಟೋಗಳು ಹಾರಾಡುವುದು ಇವೆಲ್ಲ ಬೇಡ. ಗೂಗಲ್ ನಿಮ್ಮ ಸೈಟನ್ನು ಅಳೆಯುವುದು ಮೊಬೈಲಿನಲ್ಲಿ ಅದು ಹೇಗೆ ಕಾಣುತ್ತದೆ ಅನ್ನುವುದರ ಮೇಲೆ. ಆದ್ದರಿಂದ ಮೊಬೈಲಿನಲ್ಲೇ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ನಂತರ ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿ) ಕೊಡಿ. ಇದಕ್ಕೆ ದುಡ್ಡಿಲ್ಲ. ಇವತ್ತು ಸೇರಿಸಿದರೆ ಲೆಕ್ಕ ಇವತ್ತಿನಿಂದ ಶುರುವಾಗುತ್ತದೆ, ತಡ ಮಾಡಿದಷ್ಟೂ ಹಿಂದಿನದು ಸಿಗುವುದಿಲ್ಲ.

ಫೋನಿನ ಪಕ್ಕ ಒಂದು ನೋಟ್‌ಬುಕ್

ಏನು ಬರೆಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಾರ್ಟಿಯವರೇ ಹೇಳಿಕೊಡುತ್ತಾರೆ. ನನ್ನ ಮೇಜಿನ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಎಂಕ್ವೈರಿ ಫೋನ್ ಬಂದಾಗಲೆಲ್ಲ ಅವರು ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದಿಡುತ್ತೇನೆ. ಕೆಲವನ್ನು ನೋಡಿ:

"ಬೆಳಿಗ್ಗೆ 6.10ಕ್ಕೆ ಮುಹೂರ್ತ, ನೀವು ಎಷ್ಟೊತ್ತಿಗೆ ಬರ್ತೀರಾ ಸರ್?"
"ಕ್ಯಾಂಡಿಡ್‌ಗೂ ಟ್ರೆಡಿಷನಲ್‌ಗೂ ಏನು ವ್ಯತ್ಯಾಸ? ಎರಡೂ ಬೇಕಾ?"
"ಛತ್ರದ ಒಳಗೆ ತುಂಬ ಕತ್ತಲೆ, ಫೋಟೋ ಚೆನ್ನಾಗಿ ಬರುತ್ತಾ?"
"ಮುನ್ನೂರು ಜನದ ಮದುವೆಗೆ ಎಷ್ಟು ಶೀಟಿನ ಆಲ್ಬಮ್ ಸಾಕು?"
"ಮೇಲುಕೋಟೆಯಲ್ಲಿ ಪ್ರಿವೆಡ್ಡಿಂಗ್ ಮಾಡಬೇಕಂದ್ರೆ ಯಾರ ಹತ್ರ ಪರ್ಮಿಷನ್ ತಗೋಬೇಕು?"

ಒಂದೊಂದು ಪ್ರಶ್ನೆಯೂ ಒಂದೊಂದು ಲೇಖನ. ಮೂರು ಬೇರೆ ಬೇರೆ ಮನೆಯವರು ಒಂದೇ ಪ್ರಶ್ನೆ ಕೇಳಿದರೆ ಅದನ್ನು ಮೊದಲು ಬರೆಯಿರಿ. ಫೋನ್ ಮಾಡದೆ ಅದನ್ನೇ ಗೂಗಲ್‌ನಲ್ಲಿ ಕೇಳುತ್ತಿರುವವರು ಇನ್ನೂ ಜಾಸ್ತಿ ಇರುತ್ತಾರೆ.

ಬರೆಯುವ ಮೊದಲು ಆ ಪ್ರಶ್ನೆಯನ್ನು ಗೂಗಲ್‌ಗೇ ಕೊಟ್ಟು ನೋಡಿ. ಅರ್ಧ ಟೈಪ್ ಮಾಡಿ ನಿಲ್ಲಿಸಿದರೆ ಉಳಿದದ್ದನ್ನು ಅದೇ ತೋರಿಸುತ್ತದೆ. ಜನ ಯಾವ ಮಾತು ಬಳಸುತ್ತಾರೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಕೆಳಗೆ ಜನ ಕೇಳುವ ಬೇರೆ ಪ್ರಶ್ನೆಗಳ ಪಟ್ಟಿಯೂ ಬರುತ್ತದೆ. ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡು ಪದಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಬಹುದು. ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಮೈಸೂರು ಅಂತ ಆಯಿತು. ಆದರೂ ಟೈಪ್ ಮಾಡುವಾಗ ಎಷ್ಟೋ ಜನರ ಬೆರಳು ಹಳೆಯ ಮೈಸೋರ್ ಸ್ಪೆಲ್ಲಿಂಗನ್ನೇ ಹೊಡೆಯುತ್ತದೆ. ಬೆಂಗಳೂರು, ಬೆಳಗಾವಿ, ಶಿವಮೊಗ್ಗ, ಕಲಬುರಗಿಯವರಿಗೂ ಇದೇ ಕಥೆ. ಇಂಗ್ಲಿಷ್ ಪುಟದಲ್ಲಿ ತಲೆಬರಹಕ್ಕೆ ಒಂದು ಸ್ಪೆಲ್ಲಿಂಗ್ ಇಟ್ಟು, ಒಳಗೆ ಸಹಜವಾಗಿ ಬರುವ ಕಡೆ ಇನ್ನೊಂದನ್ನೂ ಬಳಸಿ. ಹತ್ತು ಸಲ ತುರುಕಬೇಡಿ. ಓದುವವರಿಗೆ ಕಿರಿಕಿರಿ, ಗೂಗಲ್‌ಗೂ ಅದು ಸ್ಪ್ಯಾಮ್.

ಯಾವ ಬರಹ ಆರ್ಡರ್ ತರುತ್ತದೆ?

ನನ್ನ ಅನುಭವದಲ್ಲಿ ಮೂರು ಬಗೆಯವು: ಜಾಗದ ಬಗ್ಗೆ, ಶಾಸ್ತ್ರದ ಬಗ್ಗೆ, ದುಡ್ಡಿನ ಬಗ್ಗೆ.

ಜಾಗದ ಬಗ್ಗೆ ಅಂದರೆ "ಮೈಸೂರಿನ ಹತ್ತು ಸುಂದರ ತಾಣಗಳು" ಅನ್ನುವಂಥದ್ದಲ್ಲ. ಅದನ್ನು ಟೂರಿಸಂ ಸೈಟುಗಳು ಆಗಲೇ ಬರೆದು ಮುಗಿಸಿವೆ. ನೀವು ಫೋಟೋಗ್ರಾಫರ್ ಆಗಿ ಒಂದೇ ಜಾಗ ಹಿಡಿದು ಬರೆಯಿರಿ. ಅರಮನೆಯ ದೀಪಾಲಂಕಾರ ಭಾನುವಾರ, ಸರ್ಕಾರಿ ರಜಾ ದಿನ ಮತ್ತು ದಸರಾ ದಿನಗಳಲ್ಲಿ ಇರುತ್ತದೆ. ಸುಮಾರು ಒಂದು ಲಕ್ಷ ಬಲ್ಬು. ಇದು ಎಲ್ಲರಿಗೂ ಗೊತ್ತು. ಆದರೆ ದೀಪ ಹತ್ತಿದ ಮೇಲೆ ಆಕಾಶ ಪೂರ್ತಿ ಕಪ್ಪಾಗುವ ಮುಂಚೆ ಇರುವ ಆ ಕೆಲವೇ ನಿಮಿಷದ ನೀಲಿಯಲ್ಲಿ ಜೋಡಿ ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದು ಅಲ್ಲಿ ನಿಂತವರಿಗೆ ಮಾತ್ರ ಗೊತ್ತು. ಮೈಸೂರಿನಲ್ಲಿ ಡಿಸೆಂಬರ್‌ನಲ್ಲಿ 6 ಗಂಟೆ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಗೆ 6.45 ದಾಟುತ್ತದೆ. ದೀಪ ಹತ್ತುವುದು 7ರ ಸುಮಾರಿಗೆ. ಹಾಗಾಗಿ ಆ ನೀಲಿ ಬೇಸಿಗೆ ಕಡೆ ಸಿಗುತ್ತದೆ, ಡಿಸೆಂಬರ್‌ನಲ್ಲಿ ಆಕಾಶ ಆಗಲೇ ಕಪ್ಪಾಗಿರುತ್ತದೆ. ಇಂಥ ಒಂದು ಮಾತು ಬರೆದರೆ ಸಾಕು, ಓದುವವರು "ಇವರಿಗೆ ಕೆಲಸ ಗೊತ್ತು" ಅಂದುಕೊಳ್ಳುತ್ತಾರೆ.

ಸೋಮನಾಥಪುರದ ಬಗ್ಗೆಯೂ ಹೀಗೇ ಬರೆಯಬಹುದು. ಬೇಲೂರು, ಹಳೇಬೀಡಿನ ಜೊತೆ ಅದು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಡ್ರೋನ್ ಬೇಕು ಅನ್ನುವವರಿಗೆ 2021ರ ಡ್ರೋನ್ ನಿಯಮ ಇದೆ, ಎಲ್ಲ ಕಡೆ ಹಾರಿಸುವ ಹಾಗಿಲ್ಲ ಅಂತ ಮೊದಲೇ ಹೇಳಿ. ಜೋಡಿಯೊಂದು ರೇಷ್ಮೆ ಸೀರೆ ಉಟ್ಟು, ಮೇಕಪ್ ಮಾಡಿಸಿಕೊಂಡು ಗೇಟಿನವರೆಗೆ ಹೋಗಿ ವಾಪಸ್ ಬರುವ ಹಾಗಾಗಬಾರದು.

ಶಾಸ್ತ್ರದ ಬರಹ ಕನ್ನಡದಲ್ಲಿ ತೀರಾ ಕಡಿಮೆ ಇದೆ. ಫೋಟೋ ದೃಷ್ಟಿಯಿಂದ ಬರೆದಿದ್ದಂತೂ ಇನ್ನೂ ಕಡಿಮೆ. ಕಾಶಿಯಾತ್ರೆ, ವರಪೂಜೆ, ಅಂತರಪಟ, ಧಾರೆ, ಲಾಜಹೋಮ, ಸಪ್ತಪದಿ ಒಂದೊಂದಕ್ಕೂ ಕ್ಯಾಮೆರಾ ಎಲ್ಲಿರಬೇಕು, ಮನೆಯವರು ಎಲ್ಲಿ ನಿಲ್ಲಬೇಕು ಅಂತ ಹೇಳಬಹುದು. ಕೊಡಗಿನ ಮದುವೆ ತೆಗೆಯುವವರಾದರೆ ನಿಮ್ಮ ಬಳಿ ಬಂಗಾರದಂಥ ವಿಷಯ ಇದೆ. ಬಾಳೆ ಕಡಿಯುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಗಂಗಾಪೂಜೆಯಲ್ಲಿ ಮದುಮಗಳು ನೀರು ಹೊತ್ತು ಬರುವಾಗ ಎದುರಿಗೆ ಕುಣಿಯುವವರು ದಾರಿ ಬಿಡುವುದಕ್ಕೆ ತಾಸುಗಟ್ಟಲೆ ಹಿಡಿಯಬಹುದು. ಇದು ಗೊತ್ತಿಲ್ಲದ ಫೋಟೋಗ್ರಾಫರ್ ಬ್ಯಾಟರಿ ಖಾಲಿ ಮಾಡಿಕೊಂಡು ನಿಲ್ಲುತ್ತಾನೆ. ಗೊತ್ತಿರುವವರು ನೀವು ಅಂತ ಆ ಮನೆಯವರಿಗೆ ತಿಳಿಯಲಿ.

ದುಡ್ಡಿನ ಬಗ್ಗೆ ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಬರೆಯಿರಿ. ಪೂರ್ತಿ ರೇಟ್ ಕಾರ್ಡ್ ಹಾಕದಿದ್ದರೂ ಇಷ್ಟರಿಂದ ಶುರು ಅಂತ ಒಂದು ಮೊತ್ತ ಹಾಕಿ. ಯಾವುದರಿಂದ ಜಾಸ್ತಿ ಆಗುತ್ತದೆ ಹೇಳಿ: ಎರಡು ದಿನವೋ ಒಂದು ದಿನವೋ, ಎಷ್ಟು ಜನ ಬರುತ್ತೀರಿ, ಆಲ್ಬಮ್ ಎಷ್ಟು ಶೀಟು, ಊರಿನಿಂದ ಎಷ್ಟು ದೂರ, ಊಟ-ವಸತಿ ಯಾರದು. ನಾನು ಇದನ್ನು ಬರೆದ ಮೇಲೆ ಎಂಕ್ವೈರಿ ಫೋನ್ ಸ್ವಲ್ಪ ಕಮ್ಮಿ ಆಯಿತು, ಆದರೆ ಬಂದ ಫೋನುಗಳಲ್ಲಿ ಅಡ್ವಾನ್ಸ್‌ವರೆಗೆ ಹೋಗುವುದು ಜಾಸ್ತಿ ಆಯಿತು.

ಒಂದು ಲೇಖನವನ್ನು ಜೊತೆಯಲ್ಲೇ ಬರೆಯೋಣ

ಮುಹೂರ್ತದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಇಂಥ ಬರಹ ಹೀಗೆ ಶುರುವಾಗುತ್ತದೆ: "ಮದುವೆ ಎಂಬುದು ಜೀವನದ ಅತ್ಯಂತ ಮಹತ್ವದ ಘಟ್ಟ. ಆ ಸುಂದರ ಕ್ಷಣಗಳನ್ನು ಸೆರೆಹಿಡಿಯಲು ಉತ್ತಮ ಛಾಯಾಗ್ರಾಹಕರು ಅಗತ್ಯ." ಇದನ್ನು ಓದಿದ ಮದುಮಗಳ ಅಣ್ಣನಿಗೆ ಏನು ಸಿಕ್ಕಿತು? ಏನೂ ಇಲ್ಲ. ಹಿಂದಕ್ಕೆ ಒತ್ತಿ ಹೋಗುತ್ತಾನೆ.

ಉತ್ತರವನ್ನು ಮೊದಲ ಸಾಲಿನಲ್ಲೇ ಕೊಡಿ. ಹೀಗೆ: "ಬೆಳಿಗ್ಗೆ 6.10ಕ್ಕೆ ಮುಹೂರ್ತ ಇದ್ದರೆ ಫೋಟೋ ತಂಡ 4 ಗಂಟೆಗೆ ಛತ್ರದಲ್ಲಿರಬೇಕು. ಯಾಕೆ ಅಂತ ಕೆಳಗೆ ಹೇಳುತ್ತೇವೆ."

ಆಮೇಲೆ ಮುಹೂರ್ತದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. 6.10ಕ್ಕೆ ಧಾರೆ ಅಂದರೆ 5.45ಕ್ಕೆ ಹುಡುಗಿ ಮಂಟಪಕ್ಕೆ ಬರಬೇಕು. ಕಾಶಿಯಾತ್ರೆ, ವರಪೂಜೆ ಅದಕ್ಕೂ ಮುಂಚೆ, ಸುಮಾರು 5 ಗಂಟೆಗೆ. ಗೌರಿಪೂಜೆಗೆ ಹುಡುಗಿ ಕೂರುವುದು ಅದರ ಆಸುಪಾಸಿನಲ್ಲೇ, ಆದ್ದರಿಂದ ಕ್ಯಾಮೆರಾ ಎರಡು ಕಡೆ ಬೇಕು. ಇಲ್ಲಿಗೆ ಯಾಕೆ ಇಬ್ಬರು ಫೋಟೋಗ್ರಾಫರ್ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೇಕಪ್ ಮುಗಿದು ಜಡೆಗೆ ಮೊಗ್ಗು ಮುಡಿಸುವ ಫೋಟೋ ಬೇಕಾದರೆ 4.30ಕ್ಕೆ ಹುಡುಗಿ ರೆಡಿ ಇರಬೇಕು. ಅಂದರೆ ಮೇಕಪ್‌ನವರು 2.30ಕ್ಕೆ ಶುರು ಮಾಡಬೇಕು. ಇದನ್ನು ಮೇಕಪ್‌ನವರಿಗೆ ಹಿಂದಿನ ದಿನವೇ ಹೇಳಿ ಅಂತ ಬರೆಯಿರಿ.

ಈಗ ಒಂದು ಕ್ಷಣವನ್ನು ಹತ್ತಿರದಿಂದ ತೋರಿಸಿ. ನಾನು ಅಂತರಪಟವನ್ನು ಆರಿಸಿಕೊಂಡೆ. ಪುರೋಹಿತರ ಮಂತ್ರ ಜೋರಾಗುತ್ತದೆ, ವಾಲಗದವರು ಗಟ್ಟಿಮೇಳಕ್ಕೆ ಕಾಯುತ್ತಿರುತ್ತಾರೆ. ಹುಡುಗ ಹುಡುಗಿಯ ಕೈಯಲ್ಲಿ ಜೀರಿಗೆ ಬೆಲ್ಲ. ಪರದೆ ಸರಿದ ಕೂಡಲೇ ಇಬ್ಬರೂ ಒಬ್ಬರ ತಲೆ ಮೇಲೆ ಒಬ್ಬರು ಇಡುತ್ತಾರೆ, ಮೊದಲ ಸಲ ಮುಖ ನೋಡುತ್ತಾರೆ, ನಗುತ್ತಾರೆ. ಎರಡು ಸೆಕೆಂಡ್ ಅಷ್ಟೇ. ಸರಿಯಾಗಿ ಆಗಲೇ ಅಕ್ಷತೆ ಹಾಕಲು ಮೂವತ್ತು ಜನ ಎದ್ದು ಮುಂದೆ ಬರುತ್ತಾರೆ, ಅದರಲ್ಲಿ ಅರ್ಧ ಜನರ ಕೈಯಲ್ಲಿ ಮೊಬೈಲ್. ಎಷ್ಟು ಒಳ್ಳೆ ಲೆನ್ಸ್ ಇದ್ದರೂ ಮುಂದೆ ನಿಂತವರ ಬೆನ್ನು ದಾಟಿ ನೋಡುವುದಿಲ್ಲ. ಇದಕ್ಕೆ ಪರಿಹಾರ ಮನೆಯವರ ಕೈಯಲ್ಲೇ ಇದೆ. ಹುಡುಗಿಯ ಸೋದರಮಾವನಂಥ ಎಲ್ಲರೂ ಮಾತು ಕೇಳುವ ಒಬ್ಬ ಹಿರಿಯರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟರೆ, ಅವರು ಮಂಟಪದ ಎದುರು ಆರು ಅಡಿ ಜಾಗ ಬಿಡಿಸುತ್ತಾರೆ.

ಈ ಸೋದರಮಾವನ ಪ್ಯಾರಾ ಹಾಕಿದ ಮೇಲೆ ಬಂದ ಫೋನುಗಳಿಗೆ ಲೆಕ್ಕ ಇಟ್ಟಿಲ್ಲ. ಆದರೆ "ನಮ್ಮ ಮಾವನಿಗೆ ಹೇಳಿದೀವಿ ಸರ್" ಅಂತ ಹಲವರು ಬಂದು ಹೇಳಿದ್ದಾರೆ. ಅವರು ಪೂರ್ತಿ ಓದಿದ್ದಾರೆ ಅಂತ ನನಗೆ ಗೊತ್ತಾಗುವುದು ಹಾಗೆ.

ಒಂದು ಲೇಖನಕ್ಕೆ ಇಷ್ಟೇ ಪದ ಅಂತ ನಿಯಮ ಇಲ್ಲ. ಪ್ರಶ್ನೆಗೆ ಉತ್ತರ ಮುಗಿದರೆ ನಿಲ್ಲಿಸಿ. ಕೊನೆಯಲ್ಲಿ ವಾಟ್ಸಾಪ್ ಬಟನ್ ಇರಲಿ. "ನಿಮ್ಮ ಮುಹೂರ್ತದ ಸಮಯ, ಛತ್ರದ ಹೆಸರು ಕಳಿಸಿ, ನಾವು ಎಷ್ಟಕ್ಕೆ ಬರಬೇಕು ಅಂತ ಹೇಳುತ್ತೇವೆ" ಅಂತ ಬರೆಯಿರಿ. "ಸಂಪರ್ಕಿಸಿ" ಅನ್ನುವುದಕ್ಕಿಂತ ಇದಕ್ಕೆ ಜನ ಬೇಗ ಮೆಸೇಜ್ ಮಾಡುತ್ತಾರೆ.

ಕನ್ನಡದಲ್ಲೋ, ಇಂಗ್ಲಿಷಿನಲ್ಲೋ?

ಎರಡರಲ್ಲೂ. ಮದುವೆ ಆಗುವ ಹುಡುಗ ಹುಡುಗಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ಹುಡುಕುತ್ತಾರೆ. ಅಪ್ಪ ಅಮ್ಮ ಮೈಕ್ ಒತ್ತಿ ಕನ್ನಡದಲ್ಲಿ ಕೇಳುತ್ತಾರೆ. ಶಾಸ್ತ್ರದ ಬಗ್ಗೆ ಬರೆದಿದ್ದು ಕನ್ನಡದಲ್ಲಿ ಚೆನ್ನಾಗಿ ಓಡುತ್ತದೆ, ಜಾಗ ಮತ್ತು ರೇಟಿನ ಬಗ್ಗೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಳ್ಳೆಯ ಪುಟಗಳು ಕಮ್ಮಿ ಇರುವುದರಿಂದ ಮೇಲೆ ಬರುವುದು ಸುಲಭ. ಒಂದನ್ನು ಮೆಷಿನ್‌ನಲ್ಲಿ ಅನುವಾದ ಮಾಡಿ ಹಾಗೇ ಅಂಟಿಸಬೇಡಿ. ಎರಡನ್ನೂ ಬೇರೆ ಬೇರೆ ಪುಟವಾಗಿ ಬರೆದು, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ.

ಒಂದು ಸಣ್ಣ ವಿಷಯ, ಆದರೆ ಎಲ್ಲರೂ ಎಡವುವುದು ಇಲ್ಲೇ. ಕನ್ನಡ ಲೇಖನದ ತಲೆಬರಹ ಕನ್ನಡದಲ್ಲೇ ಇರಲಿ, ಆದರೆ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ವಿಳಾಸ ಕನ್ನಡದಲ್ಲಿದ್ದರೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಅದು ಶೇಕಡಾ ಚಿಹ್ನೆ, ಅಂಕಿ ತುಂಬಿದ ಉದ್ದದ ಸಾಲಾಗಿಬಿಡುತ್ತದೆ. ನೋಡಿದವರು ಏನೋ ವೈರಸ್ ಇರಬೇಕು ಅಂದುಕೊಳ್ಳುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಗ ಅಮೆರಿಕದಲ್ಲಿ, ಅಪ್ಪ ಅಮ್ಮ ಕುವೆಂಪುನಗರದಲ್ಲಿ, ರಜೆ ಮೂರೇ ವಾರ. ಅವರು ಸ್ಟುಡಿಯೋಗೆ ಬಂದು ಆಲ್ಬಮ್ ತಿರುವಿ ನೋಡುವುದು ಆಗುವುದಿಲ್ಲ. ನಿಮ್ಮ ಬರಹವೇ ಅವರಿಗೆ ಸ್ಟುಡಿಯೋ. ವಿಡಿಯೋ ಕಾಲ್‌ನಲ್ಲಿ ಮಾತಾಡಬಹುದಾ, ಅಡ್ವಾನ್ಸ್ ಹೇಗೆ ಕಳಿಸಬೇಕು, ಆಲ್ಬಮ್ ಅವರು ವಾಪಸ್ ಹೋದ ಮೇಲೆ ರೆಡಿ ಆದರೆ ಯಾರಿಗೆ ಕೊಡುತ್ತೀರಿ, ಇದನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ.

ಫೋಟೋ ಹಾಕುವ ಕ್ರಮ

ನಾವು ಫೋಟೋಗ್ರಾಫರ್‌ಗಳು ಸೋಲುವುದು ಫೋಟೋದಲ್ಲೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ ಇರುತ್ತದೆ, ಒಂದೊಂದು ಹತ್ತು ಎಂಬಿ ದಾಟುತ್ತದೆ. ಅಂಥ ಮೂವತ್ತು ಫೋಟೋ ಹಾಕಿದರೆ ಹಳ್ಳಿಯಲ್ಲಿ ಕೂತು ತೆರೆಯುವವರಿಗೆ ಪುಟ ಬರುವುದೇ ಇಲ್ಲ.

ಫೋಟೋ ತಿದ್ದುವ ಲೈಟ್‌ರೂಮ್‌ನಲ್ಲಿ ವೆಬ್‌ಗೆ ಬೇರೆಯೇ ಒಂದು ಎಕ್ಸ್‌ಪೋರ್ಟ್ ಪ್ರೀಸೆಟ್ (ಫೋಟೋ ಹೊರತೆಗೆಯಲು ಮೊದಲೇ ಇಟ್ಟ ಅಳತೆ) ಮಾಡಿಕೊಳ್ಳಿ. ಉದ್ದದ ಬದಿ 1600ರಿಂದ 2000 ಪಿಕ್ಸೆಲ್, ಕ್ವಾಲಿಟಿ 75ರ ಆಸುಪಾಸು, ಕಲರ್ ಸ್ಪೇಸ್ (ಬಣ್ಣಗಳ ವ್ಯಾಪ್ತಿ) ಎಸ್‌ಆರ್‌ಜಿಬಿ. ಅಡೋಬ್ ಆರ್‌ಜಿಬಿಯಲ್ಲಿ ಬಿಟ್ಟರೆ ರೇಷ್ಮೆ ಸೀರೆಯ ಕೆಂಪು ಎಷ್ಟೋ ಸ್ಕ್ರೀನುಗಳಲ್ಲಿ ಬಾಡಿದ ಹಾಗೆ ಕಾಣುತ್ತದೆ. ನಂತರ ಗೂಗಲ್‌ನ ಸ್ಕ್ವೂಶ್ ಅನ್ನುವ ಉಚಿತ ಸೈಟಿನಲ್ಲಿ ವೆಬ್‌ಪಿ ಅನ್ನುವ ಹಗುರವಾದ ಫೈಲ್ ಮಾದರಿಗೆ ಬದಲಾಯಿಸಿದರೆ ಹೆಚ್ಚಿನವು 300 ಕೆಬಿ ಒಳಗೆ ಬರುತ್ತವೆ. ಪುಟ ಹಾಕಿದ ಮೇಲೆ ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪರೀಕ್ಷೆ ಮಾಡಿ. ಪುಟದ ದೊಡ್ಡ ಚಿತ್ರ 2.5 ಸೆಕೆಂಡ್ ಒಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಗುರಿ. ಕೆಳಗಿನ ಫೋಟೋಗಳಿಗೆ ಲೇಜಿ ಲೋಡಿಂಗ್ (ಓದುವವರು ಅಲ್ಲಿಗೆ ಬಂದಾಗ ಮಾತ್ರ ಫೋಟೋ ತೆರೆಯುವ ವ್ಯವಸ್ಥೆ) ಇರಲಿ, ಎಲ್ಲಕ್ಕಿಂತ ಮೇಲಿನದಕ್ಕೆ ಬೇಡ.

ಕ್ಯಾಮೆರಾ ಕೊಟ್ಟ ಡಿಎಸ್‌ಸಿ 4821 ಅನ್ನುವ ಹೆಸರನ್ನು ಅಪ್‌ಲೋಡ್ ಮಾಡುವ ಮುಂಚೆಯೇ ಬದಲಾಯಿಸಿ. ಜಾಗ, ಶಾಸ್ತ್ರ, ಎರಡು ಮೂರು ಪದ, ನಡುವೆ ಅಡ್ಡಗೆರೆ. ಫೋಟೋಗೆ ಜೋಡಿಸುವ ವಿವರಣೆಯಾದ ಆಲ್ಟ್ ಟೆಕ್ಸ್ಟ್‌ನಲ್ಲಿ ಫೋಟೋದಲ್ಲಿ ಏನಿದೆಯೋ ಅದನ್ನು ಬರೆಯಿರಿ: "ಅಂತರಪಟ ಸರಿದ ಮೇಲೆ ಹುಡುಗನ ತಲೆಗೆ ಜೀರಿಗೆ ಬೆಲ್ಲ ಇಡುತ್ತಿರುವ ಮದುಮಗಳು". ಇದು ಮೊದಲಿಗೆ ಕಣ್ಣು ಕಾಣದವರಿಗಾಗಿ ಇರುವ ವ್ಯವಸ್ಥೆ. ಅವರ ಫೋನ್ ಇದನ್ನು ಓದಿ ಹೇಳುತ್ತದೆ. "ಬೆಸ್ಟ್ ಫೋಟೋಗ್ರಾಫರ್ ಮೈಸೂರು" ಅಂತ ಪ್ರತಿ ಫೋಟೋಗೂ ಅಂಟಿಸಿದರೆ ಅವರಿಗೆ ಅದೇ ಮಾತು ಮೂವತ್ತು ಸಲ ಕೇಳುತ್ತದೆ. ಹಾಗೆ ಮಾಡಬೇಡಿ.

ಹಾಕುವ ಮುಂಚೆ ಕೇಳಿ

ಇದನ್ನು ಗಮನವಿಟ್ಟು ಓದಿ. ಫೋಟೋ ತೆಗೆದವರು ನಾವು, ಹಾಗಾಗಿ ಹಕ್ಕು ನಮ್ಮದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ರೀತಿ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಬೇರೆ. ಆದ್ದರಿಂದ ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಕರಾರಿನಲ್ಲಿ ಒಂದು ಸಾಲು ಇರಬೇಕು: ವೆಬ್‌ಸೈಟ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಲು ಒಪ್ಪಿಗೆ ಇದೆಯೋ ಇಲ್ಲವೋ. ಓದಿ ಹೇಳಿ ಸಹಿ ಮಾಡಿಸಿ.

ಒಪ್ಪಿಗೆ ಇದ್ದರೂ ಹಾಕುವ ಮುಂಚೆ ಆಯ್ದ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಒಂದು ಮಾತು ಕೇಳುತ್ತೇನೆ. ಮಕ್ಕಳ ಫೋಟೋ, ಅಳುತ್ತಿರುವ ಅಮ್ಮನ ಫೋಟೋ, ಲಗ್ನಪತ್ರಿಕೆಯಲ್ಲಿ ಮನೆ ವಿಳಾಸ, ಫೋನ್ ನಂಬರ್ ಕಾಣುವ ಫೋಟೋ ಇವನ್ನು ಬಿಡುತ್ತೇನೆ. ಮನೆಯಲ್ಲಿ ತೆಗೆದದ್ದಾದರೆ ಲೊಕೇಶನ್ ಮಾಹಿತಿ ಅಳಿಸುತ್ತೇನೆ. ಬೇಡ ಅಂದರೆ ಬೇಡ. ಬೇಡ ಅಂದ ಮನೆಯವರೇ ಇನ್ನೊಂದು ಮದುವೆಗೆ ನಮ್ಮನ್ನು ಕರೆದಿದ್ದಾರೆ.

ಊರಿನವರಿಗೆ ಕಾಣಿಸಿಕೊಳ್ಳುವುದು

ಗೂಗಲ್ ಬಿಸಿನೆಸ್ ಪ್ರೊಫೈಲ್ ಇಲ್ಲದಿದ್ದರೆ ಮಾಡಿಕೊಳ್ಳಿ. ಮ್ಯಾಪ್ ಜೊತೆ ಮೇಲೆ ಬರುವ ಹೆಸರುಗಳು ಅಲ್ಲಿಂದಲೇ. ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಯಾವ ಊರುಗಳಿಗೆ ಹೋಗುತ್ತೀರಿ ಅಂತ ಮಾತ್ರ ತೋರಿಸಬಹುದು. ಆಲ್ಬಮ್ ಕೊಟ್ಟ ದಿನ ಮನೆಯವರು ಖುಷಿಯಲ್ಲಿರುತ್ತಾರೆ, ಆಗಲೇ ರಿವ್ಯೂ ಬರೆಯಲು ಕೇಳಿ. ರಿವ್ಯೂ ಬರೆದರೆ ಡಿಸ್ಕೌಂಟ್ ಅನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ.

ಮದುವೆ ಮುಗಿದ ವಾರದಲ್ಲಿ ಡೆಕೋರೇಷನ್‌ನವರಿಗೆ, ಮೇಕಪ್‌ನವರಿಗೆ, ಛತ್ರದ ಮ್ಯಾನೇಜರ್‌ಗೆ ಅವರ ಕೆಲಸದ ನಾಲ್ಕು ಒಳ್ಳೆ ಫೋಟೋ ಕಳಿಸಿ, ಅದಕ್ಕೂ ಮನೆಯವರ ಒಪ್ಪಿಗೆ ಪಡೆದು. ಅವರ ಸೈಟಿನಲ್ಲಿ ಹಾಕಿಕೊಂಡಾಗ ನಿಮ್ಮ ಸೈಟಿಗೆ ಲಿಂಕ್ ಕೊಡಲು ಕೇಳಿ. ದುಡ್ಡು ಕೊಟ್ಟು ನೂರು ಲಿಂಕ್ ಕೊಳ್ಳುವುದಕ್ಕಿಂತ ಇಂಥ ಐದು ಲಿಂಕ್ ಮೇಲು. ಕೊಂಡ ಲಿಂಕ್ ಸಿಕ್ಕಿಬಿದ್ದರೆ ನಷ್ಟ ನಿಮಗೇ.

ಇನ್ನೊಂದು ತಪ್ಪು ಕೆಲಸ ನೋಡುತ್ತಿರುತ್ತೇನೆ. ಒಂದೇ ಪುಟವನ್ನು ಮಂಡ್ಯ, ಹಾಸನ, ಚಾಮರಾಜನಗರ ಅಂತ ಊರಿನ ಹೆಸರು ಮಾತ್ರ ಬದಲಾಯಿಸಿ ಹತ್ತು ಸಲ ಹಾಕುವುದು. ಗೂಗಲ್ ಇದನ್ನು ಸ್ಪ್ಯಾಮ್ ಅಂತಲೇ ಎಣಿಸುತ್ತದೆ. ಹಾಸನದಲ್ಲಿ ನಿಜವಾಗಿ ಮದುವೆ ತೆಗೆದಿದ್ದರೆ ಆ ಮದುವೆಯ ಬಗ್ಗೆ ಬರೆಯಿರಿ. ಎಐ ಹತ್ತಿರ ರಾಶಿ ರಾಶಿ ಲೇಖನ ಬರೆಸಿ ತುಂಬುವುದೂ ಇದೇ ಸಾಲಿಗೆ ಸೇರುತ್ತದೆ. ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ ಸ್ವಂತ ಅನುಭವ ಅನ್ನುವ ಅಂಶವನ್ನು ಹೊಸದಾಗಿ ಸೇರಿಸಿತು. ಛತ್ರದಲ್ಲಿ ನಿಂತ ಅನುಭವ ನಿಮಗಿದೆ, ಅದನ್ನು ಬೇರೆ ಯಾರಿಂದಲೂ ಬರೆಸಲು ಆಗುವುದಿಲ್ಲ.

ಯಾವಾಗ ಬರೆಯಬೇಕು, ಯಾವಾಗ ತಿದ್ದಬೇಕು

ಹೊಸ ಪುಟ ಮೇಲೆ ಬರಲು ಕೆಲವು ವಾರ, ಎಷ್ಟೋ ಸಲ ಕೆಲವು ತಿಂಗಳೇ ಬೇಕು. ಆದ್ದರಿಂದ ಸೀಸನ್‌ಗಿಂತ ಮುಂಚೆ ಬರೆಯಬೇಕು. ಕಾರ್ತಿಕ, ಮಾಘದ ಮದುವೆಗಳಿಗೆ ಬೇಕಾದ್ದನ್ನು ಆಷಾಢದಲ್ಲಿ. ವೈಶಾಖದ ಮದುವೆಗಳಿಗೆ ಬೇಕಾದ್ದನ್ನು ಧನುರ್ಮಾಸದಲ್ಲಿ, ಆಗಲೂ ನಮಗೆ ಬಿಡುವು. ಪಿತೃಪಕ್ಷದ ಹದಿನೈದು ದಿನ ಹಳೆಯದನ್ನು ತಿದ್ದಲು. ತಿಂಗಳಿಗೆ ನಾಲ್ಕು ಬರೆಯುತ್ತೇನೆ ಅಂತ ಹೊರಟು ಎರಡನೇ ತಿಂಗಳಿಗೆ ನಿಲ್ಲಿಸಬೇಡಿ. ವರ್ಷಕ್ಕೆ ಹತ್ತು ಹನ್ನೆರಡು ಒಳ್ಳೆಯ ಬರಹ ಸಾಕು.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಜನ ಏನು ಕೇಳಿ ನಿಮ್ಮ ಪುಟ ಕಂಡರು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಎಲ್ಲ ಇದೆ. 16 ತಿಂಗಳ ಲೆಕ್ಕ ಸಿಗುವುದರಿಂದ ಹೋದ ವರ್ಷದ ಸೀಸನ್ ಜೊತೆ ಹೋಲಿಸಬಹುದು. ನಾನು ಮೊದಲು ನೋಡುವುದು 8ರಿಂದ 20ನೇ ಸ್ಥಾನದಲ್ಲಿರುವ ಪ್ರಶ್ನೆಗಳನ್ನು. ಇವು ಮೊದಲ ಪುಟದ ಹೊಸ್ತಿಲಲ್ಲಿ ನಿಂತಿವೆ. ಆ ಪ್ರಶ್ನೆಗೆ ನಿಮ್ಮ ಲೇಖನದಲ್ಲಿ ನೇರ ಉತ್ತರ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಪ್ಯಾರಾ ಸೇರಿಸಿ, ನಿಮ್ಮದೇ ಬೇರೆ ಲೇಖನಗಳಿಂದ ಅದಕ್ಕೆ ಲಿಂಕ್ ಕೊಡಿ. ತುಂಬ ಸಲ ಕಂಡರೂ ಯಾರೂ ಒತ್ತದಿದ್ದರೆ ತಲೆಬರಹ ಬದಲಾಯಿಸಿ. ನನ್ನ ಮುಹೂರ್ತದ ಲೇಖನಕ್ಕೆ ಮೊದಲು "ಮದುವೆ ಛಾಯಾಗ್ರಹಣದ ಸಮಯ ನಿರ್ವಹಣೆ" ಅಂತ ಹೆಸರಿಟ್ಟಿದ್ದೆ. ಯಾರೂ ಬರಲಿಲ್ಲ. "ಬೆಳಗಿನ ಮುಹೂರ್ತಕ್ಕೆ ಫೋಟೋಗ್ರಾಫರ್ ಎಷ್ಟು ಗಂಟೆಗೆ ಬರಬೇಕು?" ಅಂತ ಬದಲಾಯಿಸಿದ ಮೇಲೆ ಓದುವವರು ಬಂದರು.

ಇದರ ಜೊತೆಗೆ ಫೋನ್ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಅಂತ ಕೇಳಿ, ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಯಾವ ಲೇಖನ ಓದಿದರು ಅಂತ ಹೇಳಿದರೆ ಅದನ್ನೂ.

ಹೋದ ವಾರ ಒಬ್ಬ ತಾಯಿ ಫೋನ್ ಮಾಡಿದ್ದರು. ರೇಟ್ ಮಾತಾಡಿ ಆಯಿತು, ದಿನಾಂಕ ಆಯಿತು. ಇಡುವ ಮುಂಚೆ ಸ್ವಲ್ಪ ತಡೆದು ಕೇಳಿದರು: "ನಮ್ಮತ್ತೆಗೆ ಓಡಾಡಕ್ಕೆ ಆಗಲ್ಲಪ್ಪ, ಛತ್ರಕ್ಕೆ ಬರಲ್ಲ. ಮೊಮ್ಮಗಳ ಜೊತೆ ಅವರದೊಂದು ಫೋಟೋ ಬೇಕು. ಯಾವಾಗ ತೆಗೆದ್ರೆ ಒಳ್ಳೇದು?" ಅರಿಶಿನದ ದಿನ ಬೆಳಿಗ್ಗೆ, ಮನೆಯಲ್ಲೇ, ಅಜ್ಜಿಯ ಮಂಚವನ್ನು ಕಿಟಕಿ ಪಕ್ಕಕ್ಕೆ ಸರಿಸಿಡಿ, ಹುಡುಗಿ ಇನ್ನೂ ಅರಿಶಿನದಲ್ಲೇ ಇರುವಾಗ ಬಂದು ಕೂರಲಿ, ನಾವು ಅರ್ಧ ಗಂಟೆ ಮುಂಚೆ ಬರುತ್ತೇವೆ ಅಂತ ಹೇಳಿದೆ. ನೋಟ್‌ಬುಕ್‌ನಲ್ಲಿ ಈ ಪ್ರಶ್ನೆ ಇರಲಿಲ್ಲ. ಈ ಆಷಾಢದ ಮೊದಲ ಲೇಖನ ಅದೇ.